ದುಬೈಯ ಲೆಕ್ಕ ಬಲ್ಲೆ, ಊರಿನ ಲೆಕ್ಕಕ್ಕೆ ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: 2008ರಲ್ಲಿ ಬಿ.ಕಾಂ. ಮುಗಿಸಿದ ನಾನು 2010ರಿಂದ 2018ರ ಮಾರ್ಚ್‌ವರೆಗೆ ದುಬೈಯ ಒಂದು ವ್ಯಾಪಾರ ಸಂಸ್ಥೆಯಲ್ಲಿ ಅಕೌಂಟೆಂಟ್ ಆಗಿದ್ದೆ. ಅತ್ತೆಯವರ ಅನಾರೋಗ್ಯದಿಂದ ಊರಿಗೆ ಮರಳಿದ ಮೇಲೆ ಮನೆ, ಮಕ್ಕಳು ಎಂದು ಎಂಟು ವರ್ಷ ಕಳೆಯಿತು. ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಲೆಕ್ಕ ಬರೆಯುವುದನ್ನು ಬಿಟ್ಟರೆ ಬೇರೆ ಕೆಲಸ ಮಾಡಿಲ್ಲ. ಈಗ ನನಗೆ 39 ವರ್ಷ. ಪೇಟೆಯ ಒಂದು ತರಬೇತಿ ಕೇಂದ್ರದವರು ಆರು ತಿಂಗಳ ಕೋರ್ಸಿಗೆ 60,000 ರೂಪಾಯಿ ಕೇಳುತ್ತಾರೆ, ಕೆಲಸ ಖಂಡಿತ ಎನ್ನುತ್ತಾರೆ. ನನ್ನ ತಮ್ಮ, ‘ಅಕ್ಕ, ಸಿ.ಎ. ಮಾಡು’ ಎನ್ನುತ್ತಾನೆ. ಮಲಯಾಳಂ ಓದಬಲ್ಲೆ, ಬರೆಯಲು ತಡವರಿಸುತ್ತೇನೆ ಎಂಬ ಅಳುಕೂ ಇದೆ. ಏನು ಮಾಡಲಿ?

– ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಸದ್ಯಕ್ಕೆ ಆ ಹಣವನ್ನು ಕಟ್ಟಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗನ್ನಿಸಿದ್ದು, ಲೆಕ್ಕ ಬರೆಯುವ ವಿದ್ಯೆ ನಿಮ್ಮ ಕೈಬಿಟ್ಟಿಲ್ಲ. ಜಮಾ-ಖರ್ಚಿನ ನಿಯಮ ದುಬೈಗೂ ಬದಿಯಡ್ಕಕ್ಕೂ ಒಂದೇ. ನಿಮಗೆ ಪರಿಚಯವಾಗದೆ ಉಳಿದಿರುವುದು ಇಲ್ಲಿಯ ತೆರಿಗೆ ಕಾನೂನು ಮತ್ತು ಅದು ವಿಧಿಸುವ ತಾರೀಖುಗಳು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ನೀವು ಇಲ್ಲಿರಲಿಲ್ಲ. ಆದರೆ 2018ರ ಜನವರಿ 1ರಿಂದ ಯುಎಇಯಲ್ಲಿ ಶೇ. 5ರ ವ್ಯಾಟ್ ಬಂದ ಮೊದಲ ಮೂರು ತಿಂಗಳನ್ನು ನೀವು ಅಲ್ಲಿಯೇ ಕಂಡಿದ್ದೀರಿ, ಮತ್ತು ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದು ಉಳಿದದ್ದನ್ನು ಕಟ್ಟುವ ಕ್ರಮ ಎರಡು ಕಡೆಯೂ ಒಂದೇ ಆಗಿದೆ.

ನಮ್ಮ ಊರಿನದೇ ಒಂದು ಉದಾಹರಣೆಯನ್ನು ನೋಡೋಣ. ಕುಂಬಳೆಯ ಬಟ್ಟೆ ಅಂಗಡಿಯೊಂದು ಮಂಗಳೂರಿನ ಸಗಟು ವ್ಯಾಪಾರಿಯಿಂದ 1,00,000 ರೂಪಾಯಿಯ, ಶೇ. 5ರ ದರದ ಬಟ್ಟೆ ತರಿಸಿತು ಎನ್ನಿ. ಸರಕು ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಬಂದಿರುವುದರಿಂದ ಬಿಲ್ಲಿನಲ್ಲಿ 5,000 ರೂಪಾಯಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿನ ಜಿಎಸ್‌ಟಿ) ಇರುತ್ತದೆ. ಅದೇ ತಿಂಗಳು ಅಂಗಡಿ ಊರಿನಲ್ಲಿಯೇ 60,000 ರೂಪಾಯಿಗೆ ಮಾರಿದರೆ ಕೇಂದ್ರಕ್ಕೆ 1,500, ರಾಜ್ಯಕ್ಕೆ 1,500, ಒಟ್ಟು 3,000 ರೂಪಾಯಿ ತೆರಿಗೆಯಾಗುತ್ತದೆ. ಅದನ್ನು ಆ 5,000ದಲ್ಲಿ ಮುರಿದುಕೊಂಡರೆ ಕೈಯಿಂದ ಏನೂ ಕಟ್ಟಬೇಕಿಲ್ಲ, 2,000 ಮುಂದಿನ ತಿಂಗಳಿಗೆ ಉಳಿಯುತ್ತದೆ. ಆದರೆ ಮಂಗಳೂರಿನವರು ಆ ಬಿಲ್ಲನ್ನು ಮುಂದಿನ ತಿಂಗಳ 11ನೇ ತಾರೀಖಿನೊಳಗೆ ತಮ್ಮ ಮಾರಾಟದ ವಿವರವಾದ ಜಿಎಸ್‌ಟಿಆರ್-1ರಲ್ಲಿ ತೋರಿಸದಿದ್ದರೆ, 14ಕ್ಕೆ ಅಂಗಡಿಗೆ ಸಿದ್ಧವಾಗುವ ಖರೀದಿ ತೆರಿಗೆಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಅದು ಕಾಣಿಸುವುದಿಲ್ಲ. ಬಿಲ್ಲು ಕೈಯಲ್ಲಿದ್ದರೂ 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸುವಾಗ ಆ 3,000 ರೂಪಾಯಿಯನ್ನು ನಗದಾಗಿಯೇ ಕಟ್ಟಬೇಕಾಗುತ್ತದೆ. 11ನೇ ತಾರೀಖಿಗೆ ಮೊದಲೇ ಖರೀದಿ ಪುಸ್ತಕ ತೆರೆದು, ಯಾರು ಬಿಲ್ಲು ಏರಿಸಿಲ್ಲ ಎಂದು ಫೋನಿನಲ್ಲಿ ಬೆನ್ನು ಹತ್ತುವ ಗುಮಾಸ್ತರೇ ಮಾಲಕರ ಹಣ ಉಳಿಸುವವರು. ಇದು ತರಗತಿಯ ಹಲಗೆಯ ಮೇಲೆ ಬರುವ ವಿದ್ಯೆಯಲ್ಲ.

ಆದ್ದರಿಂದ ಕಾಸರಗೋಡಿನಲ್ಲೋ ಕುಂಬಳೆಯಲ್ಲೋ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ, ಸಂಬಳ ಕಡಿಮೆಯಾದರೂ ಸರಿ, ಆರು ತಿಂಗಳು ಕುಳಿತುಕೊಳ್ಳಿ. ಅದರಲ್ಲಿ ವರ್ಷಾಂತ್ಯದ ಮಾರ್ಚ್ ಮತ್ತು ಏಪ್ರಿಲ್ ಸೇರಿರಲಿ. ಡಿಸೆಂಬರಿಗೆ ವರ್ಷ ಮುಗಿಸಿ ರೂಢಿಯಾದ ನಿಮಗೆ ಆ ಎರಡು ತಿಂಗಳು ಕಲಿಸುವಷ್ಟನ್ನು ಬೇರಾವುದೂ ಕಲಿಸದು. ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ಬಗ್ಗೆ ಚಿಂತೆ ಬೇಡ. ನೀವು ಬಿಟ್ಟುಬಂದ ಟ್ಯಾಲಿ ಇಆರ್‌ಪಿ 9ರ ಜಾಗಕ್ಕೆ 2020ರಲ್ಲಿ ಟ್ಯಾಲಿಪ್ರೈಮ್ ಬಂದಿದೆ, ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ಒಂದು ಮಾತ್ರ ನೆನಪಿಡಿ: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಾಖಲಾಗಲೇಬೇಕು, ಹಳೆಯ ವೋಚರನ್ನು ಸದ್ದಿಲ್ಲದೆ ತಿದ್ದುವ ಅಭ್ಯಾಸ ಇನ್ನು ನಡೆಯದು. ಆದಾಯ ತೆರಿಗೆಯಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. 1961ರ ಕಾಯ್ದೆಯ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಹೊಸ ಕಲಮುಗಳನ್ನು ಅನುಭವಿಗಳೂ ನಿಮ್ಮೊಂದಿಗೇ ಕಲಿಯುತ್ತಿದ್ದಾರೆ.

ಸರ್ಟಿಫಿಕೇಟು ಬೇಕೇ ಬೇಕೆಂದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗುವುದು ಮೇಲು. ನಿಮ್ಮ ಬಿ.ಕಾಂ. ಪದವಿ ಅದಕ್ಕೆ ಸಾಕು. ಪಿಸಿಟಿ-01 ನಮೂನೆಯಲ್ಲಿ ಅರ್ಜಿ ಹಾಕಿ, ಕೇಂದ್ರದ ತೆರಿಗೆ ತರಬೇತಿ ಸಂಸ್ಥೆ ನ್ಯಾಸಿನ್ ನಡೆಸುವ ಪರೀಕ್ಷೆಯಲ್ಲಿ ಶೇ. 50 ಅಂಕ ಪಡೆಯಬೇಕು. ಮುಂದೆ ಮನೆಯಲ್ಲಿಯೇ ಕುಳಿತು ಹತ್ತು ಅಂಗಡಿಗಳ ರಿಟರ್ನ್ ಸಲ್ಲಿಸಬಹುದು. ತಮ್ಮನ ಸಲಹೆಯಲ್ಲಿ ಪ್ರೀತಿಯಿದೆ. ಬಿ.ಕಾಂ.ನಲ್ಲಿ ಶೇ. 55 ಅಂಕವಿದ್ದರೆ ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೇರ ಪ್ರವೇಶವೂ ಸಿಗುತ್ತದೆ, ಆದರೆ ಎರಡು ವರ್ಷದ ಆರ್ಟಿಕಲ್‌ಶಿಪ್ (ಸಿ.ಎ. ಕಚೇರಿಯಲ್ಲಿ ಪಡೆಯುವ ಕೆಲಸದ ತರಬೇತಿ) ಇದೆ. ಈಗ ಬೇಕಿರುವುದು ದುಡಿಮೆಯಾದ್ದರಿಂದ ಅದನ್ನು ಒಂದು ವರ್ಷ ಕೆಲಸ ಮಾಡಿದ ಮೇಲೆ ಯೋಚಿಸಿ.

ಭಾಷೆಯ ಅಳುಕನ್ನು ಬಿಡಿ. ಬಿಲ್ಲು, ಪೋರ್ಟಲ್ ಎಲ್ಲ ಇಂಗ್ಲಿಷಿನಲ್ಲಿವೆ. ಬದಿಯಡ್ಕ, ಪೆರ್ಲದ ಅಡಿಕೆ ವ್ಯಾಪಾರಿಗೆ ನೋಟಿಸಿನ ಅರ್ಥವನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳುವವರು ಬೇಕಾಗಿದ್ದಾರೆ. ಬರೆಯುವ ಮಲಯಾಳಂ ಕೆಲಸದ ಜೊತೆಯಲ್ಲಿಯೇ ಬರುತ್ತದೆ. ಇನ್ನೊಂದು ಮಾತು: ಕುಟುಂಬಶ್ರೀಯ ಲೆಕ್ಕವನ್ನು ‘ಬಿಟ್ಟರೆ’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನೋವಾಯಿತು. ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲವನ್ನೂ ಸದಸ್ಯೆಯರ ಕಣ್ಣೆದುರು ಪ್ರತಿ ಸಭೆಯಲ್ಲಿ ತಾಳೆ ಹಾಕಿದವರು ನೀವು. ದುಬೈಯ ಅನುಭವ ಪತ್ರದ ಜೊತೆಗೆ ಅದನ್ನೂ ಅರ್ಜಿಯಲ್ಲಿ, ವರ್ಷಗಳ ಸಮೇತ, ಬರೆಯಿರಿ.