ಕೆಂಪು ಫಿಲ್ಟರ್ ಕೊಳ್ಳುವ ಮುಂಚೆ ನಿಮ್ಮ ಬೆಳಕಿನ ಮೀಟರ್ ಎಲ್ಲಿದೆ ನೋಡಿಕೊಳ್ಳಿ

ಹಳೆಯ ಎಸ್‌ಎಲ್‌ಆರ್‌ಗೆ ಕಪ್ಪು-ಬಿಳುಪು ರೋಲ್ ಹಾಕಿದ್ದೀರಿ. ನೀಲಿ ಬೆಳಕನ್ನು ತಡೆದು ಆಕಾಶವನ್ನು ಕಪ್ಪಗೆ ಮಾಡುವ ಕೆಂಪು ಫಿಲ್ಟರ್ ಕೊಳ್ಳಬೇಕೋ, ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಿನಲ್ಲೇ ಸರಿಮಾಡಬಹುದೋ ಎಂದು ಕೇಳಿದ್ದೀರಿ. ಫಿಲ್ಮ್ ಶುರುಮಾಡಿದ ಹೊಸದರಲ್ಲಿ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ.

ಎರಡನೆಯದನ್ನು ಮೊದಲು ಮುಗಿಸುತ್ತೇನೆ: ಆಗುವುದಿಲ್ಲ. ಡಿಜಿಟಲ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಉಳಿದಿರುತ್ತವೆ, ಹಾಗಾಗಿ ನೀಲಿಯನ್ನಷ್ಟೇ ಇಳಿಸಬಹುದು. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಉಳಿಯುವುದು ಬರೀ ಬೆಳ್ಳಿ. ನೀಲಿ ಆಕಾಶವೂ ಬಿಳಿ ಮೋಡವೂ ಹೆಚ್ಚುಕಡಿಮೆ ಒಂದೇ ಸಾಂದ್ರತೆಗೆ ಬಂದು ಕೂತ ಮೇಲೆ ಅವನ್ನು ಬಿಡಿಸುವ ಮಾಹಿತಿಯೇ ಅಲ್ಲಿರುವುದಿಲ್ಲ. ಫಿಲ್ಟರ್ ಕೆಲಸ ಮಾಡಬೇಕಾದದ್ದು ಶಟರ್ ಒತ್ತುವಾಗಲೇ.

ಆದರೆ ಯಾವ ಬಣ್ಣ ಅನ್ನುವುದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ. ರೋಲ್ ಹಾಳಾಗುವುದು ಬಣ್ಣದಿಂದಲ್ಲ. ಫಿಲ್ಟರ್ ನುಂಗಿದ ಬೆಳಕನ್ನು ಎರಡು ಸಲ ಲೆಕ್ಕ ಹಾಕುವುದರಿಂದ, ಇಲ್ಲವೇ ಒಂದು ಸಲವೂ ಹಾಕದೇ ಇರುವುದರಿಂದ.

ಫಿಲ್ಟರಿನ ಅಂಚಿನಲ್ಲೋ ಡಬ್ಬಿಯ ಮೇಲೋ 2×, 4×, 8× ಅಂತ ಬರೆದಿರುತ್ತದೆ. ಅದು ಸ್ಟಾಪ್ (ಬೆಳಕು ಇಮ್ಮಡಿಯೋ ಅರ್ಧವೋ ಆಗುವ ಒಂದು ಹೆಜ್ಜೆ) ಅಲ್ಲ, ಬೆಳಕನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಅನ್ನುವ ಗುಣಕ. 2× ಅಂದರೆ 1 ಸ್ಟಾಪ್, 4× ಅಂದರೆ 2, 8× ಅಂದರೆ 3. ಹಳದಿ 8ನೇ ನಂಬರಿಗೆ ಸುಮಾರು 2×, ಕಿತ್ತಳೆಗೆ 4× ಆಸುಪಾಸು, ಕೆಂಪು 25ಕ್ಕೆ 8×. ಬಿರುಬಿಸಿಲಲ್ಲಿ ಐಎಸ್‌ಒ 400 ಫಿಲ್ಮಿಗೆ ಎಫ್/16 ಅಪರ್ಚರ್, 1/500 ಸೆಕೆಂಡ್ ಶಟರ್ ಬಂತು ಅನ್ನಿ. ಕೆಂಪು 25 ಹಾಕಿದರೆ ಅದು ಎಫ್/16, 1/60 ಆಗಬೇಕು, ಇಲ್ಲವೇ ಎಫ್/5.6, 1/500.

ಕೈಮೀಟರ್ ಅಥವಾ ಫೋನಿನ ಆ್ಯಪ್ ಬಳಸುತ್ತಿದ್ದರೆ ಅದಕ್ಕೆ ಫಿಲ್ಟರ್ ಕಾಣುವುದೇ ಇಲ್ಲ. ಈ 3 ಸ್ಟಾಪ್ ನೀವೇ ಸೇರಿಸಬೇಕು. ಸುಲಭದ ದಾರಿ: ಮೀಟರಿನಲ್ಲಿ ಐಎಸ್‌ಒ 400ರ ಬದಲು 50 ಇಟ್ಟುಬಿಡಿ. ಆದರೆ ನಿಮ್ಮ ಎಸ್‌ಎಲ್‌ಆರ್‌ನ ಮೀಟರ್ ಲೆನ್ಸಿನ ಒಳಗಿಂದಲೇ ಓದುವ ಟಿಟಿಎಲ್ ಆಗಿದ್ದರೆ ಫಿಲ್ಟರ್ ದಾಟಿ ಬಂದ ಬೆಳಕನ್ನೇ ಅದು ಅಳೆಯುತ್ತದೆ. ಅದರ ಮೇಲೆ ಐಎಸ್‌ಒ ಡಯಲ್ ಕೂಡ 50ಕ್ಕೆ ತಿರುಗಿಸಿದರೆ 3 ಸ್ಟಾಪ್ ಹೆಚ್ಚು ಬೆಳಕು ಬಿದ್ದು ಆಕಾಶ ಗಟ್ಟಿ ಕರಿಯಾಗಿ ಮುಚ್ಚಿದ ನೆಗೆಟಿವ್ ಬರುತ್ತದೆ, ಅಂದರೆ ಚಿತ್ರದಲ್ಲಿ ಆಕಾಶ ಬೆಳ್ಳಗಾಗುತ್ತದೆ. ಸ್ಲೈಡ್ ಫಿಲ್ಮ್ ಆಗಿದ್ದರೆ ಮುಗಿದೇ ಹೋಯಿತು.

ಹಾಗಂತ ಟಿಟಿಎಲ್ ಅನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಮೀಟರಿನೊಳಗೆ ಬೆಳಕು ಅಳೆಯುವ ಸೆಲ್ ಬಣ್ಣಗಳನ್ನು ಫಿಲ್ಮ್ ನೋಡಿದ ಹಾಗೆ ನೋಡುವುದಿಲ್ಲ. ಹಳೆಯ ಕ್ಯಾಮೆರಾಗಳ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಸೆಲ್‌ಗೆ ಕೆಂಪು ಬೆಳಕು ಚೆನ್ನಾಗಿಯೇ ಕಾಣುತ್ತದೆ, ಫಿಲ್ಮಿಗೆ ಅಷ್ಟು ಕಾಣುವುದಿಲ್ಲ. ಮೀಟರ್ ಬೆಳಕು ಸಾಕು ಅನ್ನುತ್ತದೆ, ನೆಗೆಟಿವ್ ತೆಳ್ಳಗೆ ಬರುತ್ತದೆ. ಪರೀಕ್ಷೆ ಸುಲಭ: ಹಗಲು ಬೆಳಕಿನಲ್ಲಿ ಒಂದೇ ಸಮ ಬೆಳಕು ಬಿದ್ದ ಬೂದು ಗೋಡೆಯನ್ನು ಫಿಲ್ಟರ್ ಇಲ್ಲದೆ ಓದಿ, ಆಮೇಲೆ ಹಾಕಿಕೊಂಡು ಓದಿ. ವ್ಯತ್ಯಾಸ 3 ಸ್ಟಾಪ್ ಬರಬೇಕು. 2 ಮಾತ್ರ ಬಂದರೆ ಕೆಂಪು ಹಾಕಿದಾಗಲೆಲ್ಲ ನಿಮ್ಮ ಮೀಟರ್ 1 ಸ್ಟಾಪ್ ಕಮ್ಮಿ ಕೊಡುತ್ತದೆ ಅಂತ ಅರ್ಥ. ಹಳದಿಗೆ ಟಿಟಿಎಲ್ ಸಾಕು. ಕೆಂಪಿಗೆ ಫಿಲ್ಟರ್ ತೆಗೆದು ಓದಿ, ಫೋಕಸ್ಸನ್ನೂ ಆಗಲೇ ಮಾಡಿಕೊಂಡು, 3 ಸ್ಟಾಪ್ ಸೇರಿಸಿ, ಎಕ್ಸ್‌ಪೋಷರನ್ನು ಮ್ಯಾನ್ಯುಯಲ್‌ನಲ್ಲಿ ಇಟ್ಟು, ಆಮೇಲೆ ತಿರುಗಿಸಿ ಹಾಕುವುದೇ ಒಳ್ಳೆಯದು. ಕೆಂಪು ಗಾಜಿನ ಮೂಲಕ ಫೋಕಸ್ ಮಾಡುವುದು ಕಣ್ಣಿಗೂ ಕಷ್ಟ.

ಇನ್ನು ಬಣ್ಣ. ಕೆಂಪು ಬೇಡ, ಕಿತ್ತಳೆ ತಗೊಳ್ಳಿ. ಬಿಸಿಲಿನ ದಿನ ನೆರಳಿಗೆ ಬೆಳಕು ಬರುವುದು ಬಹುಪಾಲು ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ಆಕಾಶದ ಜೊತೆಗೆ ಆ ನೆರಳನ್ನೂ ಮುಳುಗಿಸುತ್ತದೆ. 8× ಲೆಕ್ಕ ಸರಿಯಾಗಿ ಹಾಕಿದರೂ ಮರದಡಿಯ ವಿವರ ಮಾಯವಾಗುವುದು ಇದಕ್ಕೇ. ಮುಖಗಳಲ್ಲಿ ತುಟಿ ಚರ್ಮದ ಬಣ್ಣಕ್ಕೇ ಬಂದು ಕಳೆದುಹೋಗುತ್ತದೆ. ಕಿತ್ತಳೆಯಲ್ಲಿ ಮೋಡ ಎದ್ದು ಕಾಣುತ್ತದೆ, ನೆರಳೂ ಸಾಕಷ್ಟು ಉಳಿಯುತ್ತದೆ. ಮೋಡ ಮುಚ್ಚಿದ ದಿನ ಯಾವುದೂ ಬೇಡ. ಬೂದು ಆಕಾಶದಲ್ಲಿ ತಡೆಯಲು ನೀಲಿಯೇ ಇರುವುದಿಲ್ಲ, ಸುಮ್ಮನೆ 2 ಸ್ಟಾಪ್ ದಂಡ. ರೋಲ್ ಆರ್ಥೋಕ್ರೋಮ್ಯಾಟಿಕ್ ಆಗಿದ್ದರೆ ಕೆಂಪು ಫಿಲ್ಟರ್ ಹತ್ತಿರವೂ ತರಬೇಡಿ. ಆ ಫಿಲ್ಮಿಗೆ ಕೆಂಪು ಕಾಣದು, ಫ್ರೇಮ್ ಖಾಲಿ ಬರುತ್ತದೆ.

ಟ್ರೈಪಾಡ್ ಮೇಲೆ ದೀರ್ಘ ಎಕ್ಸ್‌ಪೋಷರ್ ಮಾಡುವಾಗ ಗುಣಕ ಮೊದಲು, ರೆಸಿಪ್ರಾಸಿಟಿ ತಿದ್ದುಪಡಿ (ದೀರ್ಘ ಎಕ್ಸ್‌ಪೋಷರಿನಲ್ಲಿ ಫಿಲ್ಮಿನ ಸ್ಪಂದನೆ ಕುಗ್ಗುವುದಕ್ಕೆ ಸೇರಿಸುವ ಹೆಚ್ಚುವರಿ ಸಮಯ) ಆಮೇಲೆ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್‌ನಲ್ಲಿ ಫಿಲ್ಟರ್ ಇಲ್ಲದೆ 1 ಸೆಕೆಂಡ್ ಬಂದರೆ ಕೆಂಪಿಗೆ 8 ಸೆಕೆಂಡ್. ಆ 8ಕ್ಕೆ ಕಂಪನಿ ಕೊಟ್ಟಿರುವ 1.31 ಘಾತ ಹಾಕಿದರೆ (8^1.31) ಅದು ಸುಮಾರು 15 ಸೆಕೆಂಡ್ ಆಗುತ್ತದೆ.

ಕೊಳ್ಳುವಾಗ ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ ಒಂದೇ ಫಿಲ್ಟರ್ ತಗೊಂಡು, ಚಿಕ್ಕ ಲೆನ್ಸುಗಳಿಗೆ ದೊಡ್ಡ ಫಿಲ್ಟರ್ ಕೂರಿಸಲು ಬೇಕಾದ ಸ್ಟೆಪ್-ಅಪ್ ರಿಂಗ್ ಹಾಕಿ. ಯುವಿ ಫಿಲ್ಟರ್ ಇದ್ದರೆ ತೆಗೆದು ಇದನ್ನು ಹಾಕಿ, ಅದರ ಮೇಲೆಯೇ ಕೂರಿಸಬೇಡಿ. 28 ಎಂಎಂ ಲೆನ್ಸಿನಲ್ಲಿ ಎರಡು ಫಿಲ್ಟರ್ ಸೇರಿದರೆ ಚಿತ್ರದ ಮೂಲೆಗಳು ಕಪ್ಪಾಗುವ ಸಾಧ್ಯತೆ ಹೆಚ್ಚು.