ಫೋಲ್ಡರ್ ತೆರೆದರೆ ಹಸಿರು ಗೆರೆ ಓಡುತ್ತಲೇ ಇರುತ್ತೆ, ಆಫೀಸಿನ ಆರೂ ಕಂಪ್ಯೂಟರಿಗೆ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಬೇಕಾ?

ಬೇಡ. ಇನ್ನೂ ಆರ್ಡರ್ ಮಾಡಿಲ್ಲ ಅಂದರೆ ಮಾಡಲೇಬೇಡಿ. ಆರು ಕಂಪ್ಯೂಟರ್, ಆರಕ್ಕೂ ಒಂದೇ ಕಾಯಿಲೆ, ಒಂದೇ ವಾರದಲ್ಲಿ ಶುರುವಾಯಿತು ಅಂತ ನೀವೇ ಬರೆದಿದ್ದೀರಿ. ಆರು ಹಾರ್ಡ್ ಡಿಸ್ಕುಗಳು ಮಾತಾಡಿಕೊಂಡು ಒಟ್ಟಿಗೆ ಕೆಡುತ್ತವಾ ಸ್ವಾಮಿ? ನನಗೂ ಇದು ಆಗ ಹೊಳೆಯಲಿಲ್ಲ. ಹದಿನಾಲ್ಕು ಸಾವಿರ ಹೋದ ಮೇಲೆ ಹೊಳೆಯಿತು.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ರಿಪೇರಿ ನನ್ನ ಕೆಲಸ ಅಲ್ಲ. ಒಂದು ದಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಪೇಪರ್ ಎಳೆದು ಕೊಟ್ಟೆ, ಅವತ್ತಿನಿಂದ ಅದೂ ನನ್ನ ತಲೆಗೇ ಬಂತು. ಒಟ್ಟು ಐದು ಕಂಪ್ಯೂಟರ್. ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ತೂಕದ ಚೀಟಿ, ಸ್ಕ್ಯಾನ್ ಮಾಡಿದ ಕಾಗದ ಎಲ್ಲಾ ಮೂಲೆಯ ಒಂದು ಹಳೇ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಉಳಿದ ನಾಲ್ಕರಲ್ಲಿ ಅದು ಝಡ್ ಡ್ರೈವ್ ಅಂತ ಕಾಣುತ್ತಿತ್ತು.

ಒಂದು ಬೇಸಿಗೆಯಲ್ಲಿ ಆ ಹಳೇದನ್ನು ಗುಜರಿಗೆ ಹಾಕಿ ಹೊಸದು ತಂದೆವು. ಫೈಲೆಲ್ಲಾ ಅದಕ್ಕೆ ಹಾಕಿ, ವೈ ಡ್ರೈವ್ ಅಂತ ಹೆಸರು ಕೊಟ್ಟೆ. ಅದೇ ತಿಂಗಳು ಇಂಟರ್ನೆಟ್ಟೂ ಬದಲಾಯಿತು, ಹೊಸ ಫೈಬರ್, ಹೊಸ ರೂಟರ್.

ಆಮೇಲೆ ಶುರುವಾಯಿತು ನೋಡಿ. 'ದಿಸ್ ಪಿಸಿ' ಒತ್ತಿದರೆ ಮೇಲೆ ಹಸಿರು ಗೆರೆ ನಿಧಾನಕ್ಕೆ ತೆವಳುತ್ತೆ, ಕೊನೆಗೆ ಹೋಗಿ ಅಲ್ಲೇ ನಿಲ್ಲುತ್ತೆ. ಕೆಲವು ಸಲ ಸ್ಕ್ರೀನ್ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್'. ತೀರ್ಥಹಳ್ಳಿ ಕಡೆಯ ರೈತರೊಬ್ಬರು ರಾಶಿ ಇಡಿ ಅಡಿಕೆ ಮಾರಿ, ಪಟ್ಟಿಗಾಗಿ ಎದುರಿಗೇ ನಿಂತಿದ್ದಾರೆ. 'ಬಸ್ಸಿಗೆ ಹೊತ್ತಾಯ್ತು ಮಾರಾಯ್ರೆ' ಅಂತ ಮೂರನೇ ಸಲ ಹೇಳುತ್ತಿದ್ದಾರೆ. ನಾನು ಮೌಸ್ ಕುಟ್ಟುತ್ತಿದ್ದೇನೆ.

ಅಂಗಡಿಯವನನ್ನು ಕರೆಸಿದೆ. ಎಸ್‌ಎಸ್‌ಡಿ ಹಾಕಿಸಿ ಅಂದ. ಹಳೇ ಡಿಸ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಕ್ಲೋನ್ ಮಾಡಿಕೊಟ್ಟ. ನಾಲ್ಕಕ್ಕೂ ಸೇರಿ ಕೂಲಿ ಸಮೇತ 14,000. ಕಂಪ್ಯೂಟರ್ ಆನ್ ಆಗುವುದು ನಿಜವಾಗಿಯೂ ಫಾಸ್ಟ್ ಆಯಿತು. ಹಸಿರು ಗೆರೆ ಮಾತ್ರ ಹಾಗೇ ತೆವಳುತ್ತಿತ್ತು.

ಜುಲೈ ತಿಂಗಳು. ನಮ್ಮಲ್ಲಿ ಆಗ ಮಳೆ ಹೊಡೆಯಿತು ಅಂದರೆ ಕರೆಂಟ್ ಇರಲ್ಲ, ಹೇಳಬೇಕಾಗಿಲ್ಲ. ಒಂದು ಮಧ್ಯಾಹ್ನ ಹಾಗೇ ಹೋಯಿತು. ಕಂಪ್ಯೂಟರುಗಳು ಯುಪಿಎಸ್ ಮೇಲೆ ಇದ್ದವು, ಕೀಂ ಕೀಂ ಅಂತ ಕೂಗುತ್ತಿದ್ದವು. ನೆಟ್‌ವರ್ಕ್ ಸ್ವಿಚ್ಚು (ಎಲ್ಲಾ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಡಬ್ಬಿ), ರೂಟರು ಗೋಡೆಯ ಬೋರ್ಡಿನಲ್ಲಿದ್ದವು, ಅವು ಆಫ್. ಪಕ್ಕದ ಮೇಜಿನ ಹುಡುಗ, 'ಅಣ್ಣ, ಈಗ ಸರಿ ಹೋಯ್ತಲ್ಲ, ಏನ್ ಮಾಡಿದ್ರಿ?' ಅಂದ. ನಾನು ಏನೂ ಮಾಡಿರಲಿಲ್ಲ. ಅವನ ಡಿ ಡ್ರೈವ್ ಚಿಟಿಕೆ ಹೊಡೆಯುವುದರೊಳಗೆ ತೆರೆಯುತ್ತಿತ್ತು. ಕರೆಂಟ್ ಬಂತು, ಸ್ವಿಚ್ಚಿನ ದೀಪ ಮಿಣುಕಿದವು, ಮತ್ತೆ ಹಸಿರು ಗೆರೆ. ನಾನು ಮೇಜಿನ ಕೆಳಗೆ ನುಗ್ಗಿ ನೆಟ್‌ವರ್ಕ್ ಕೇಬಲ್ ಕಿತ್ತೆ. ಫಾಸ್ಟ್. ಚುಚ್ಚಿದೆ. ಸ್ಲೋ.

ಹಳೇ ಕಂಪ್ಯೂಟರಿನ ಆ ಝಡ್ ಡ್ರೈವನ್ನು ನಾನು ತೆಗೆದುಹಾಕಿಯೇ ಇರಲಿಲ್ಲ. ಇಷ್ಟೇ ತಪ್ಪು. ಅದರ ಮೇಲೆ ಕೆಂಪು ಇಂಟು ಗುರುತು ಬಿದ್ದಿತ್ತು, ತಿಂಗಳುಗಟ್ಟಲೆ ದಿನಾ ನೋಡಿದ್ದೆ. ಯಾರಾದರೂ ಹಳೇ ಫೈಲ್ ಕೇಳಿದರೆ ಇರಲಿ ಅಂತ ಬಿಟ್ಟಿದ್ದೆ. ಕಂಪ್ಯೂಟರೇ ಗುಜರಿಗೆ ಹೋಗಿದೆ, ಇನ್ನು ಹಳೇ ಫೈಲ್ ಎಲ್ಲಿಂದ ಬರುತ್ತೆ? ಈಗ ಯೋಚಿಸಿದರೆ ನಗು ಬರುತ್ತೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮಲ್ಲೂ ಇದೇ ಇರಬಹುದು. ಝಡ್‌ಗೆ ನಾನು ಕೊಟ್ಟಿದ್ದ ವಿಳಾಸ, ಅಂದರೆ ಹಳೇ ಕಂಪ್ಯೂಟರಿನ ನೆಟ್‌ವರ್ಕ್ ನಂಬರ್, 192.168.0.10. ಹಳೇ ರೂಟರಿನಲ್ಲಿ ನಮ್ಮ ನಂಬರೆಲ್ಲಾ 192.168.0 ಅಂತ ಶುರುವಾಗುತ್ತಿತ್ತು. ಹೊಸದರಲ್ಲಿ 192.168.1. ಹಾಗಾಗಿ ಕಂಪ್ಯೂಟರಿಗೆ ಹಳೇ ನಂಬರ್ ನಮ್ಮ ಮನೆಯದು ಅಂತಲೇ ಗೊತ್ತಾಗಲ್ಲ. ಹೊರಗಿನವರು ಅಂದುಕೊಂಡು ರೂಟರಿನ ಕೈಗೆ ಕೊಡುತ್ತೆ. ರೂಟರ್ ಅದನ್ನು ಇಂಟರ್ನೆಟ್ ಕಡೆಗೆ ದಾಟಿಸುತ್ತೆ. ಅಲ್ಲಿ 'ಇಲ್ಲ' ಅನ್ನುವವರೂ ಇಲ್ಲ. ಇಲ್ಲ ಅಂದಿದ್ದರೆ ವಿಂಡೋಸ್ ಬೇಗ ಕೈಬಿಡುತ್ತಿತ್ತು. ಉತ್ತರವೇ ಬರದಿದ್ದರೆ ಸ್ವಲ್ಪ ಕಾದು ಮತ್ತೆ ಕೂಗುತ್ತೆ, ಅದರ ಎರಡರಷ್ಟು ಕಾದು ಮತ್ತೆ ಕೂಗುತ್ತೆ. ಮೊಬೈಲಿನಲ್ಲಿ ಟೈಮ್ ಹಿಡಿದೆ, 21 ಸೆಕೆಂಡು. ನಮ್ಮ ಹುಡುಗ ಡಿ ಡ್ರೈವ್ ಕೇಳಿದ್ದರೂ 'ದಿಸ್ ಪಿಸಿ' ಎಲ್ಲಾ ಡ್ರೈವುಗಳನ್ನೂ ವಿಚಾರಿಸಿಕೊಳ್ಳುತ್ತೆ, ಇಲ್ಲದ ಝಡ್ ಅನ್ನೂ ಸೇರಿಸಿ. ಕೇಬಲ್ ಕಿತ್ತರೆ ಕೂಗಲು ದಾರಿಯೇ ಇಲ್ಲ, ಅದಕ್ಕೇ ಫಾಸ್ಟ್. ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದಾಗ ಈ ಝಡ್ಡೂ ಜೊತೆಗೇ ಬಂದು ಕೂತಿತ್ತು. ಅಂದರೆ ದುಡ್ಡು ಕೊಟ್ಟು ರೋಗವನ್ನು ಹೊಸ ಮನೆಗೆ ಸಾಗಿಸಿದ್ದೆ.

ನೀವು ಈಗ ಮಾಡಬೇಕಾದ್ದು, ಒಂದು ಕಂಪ್ಯೂಟರಿನ ಕೇಬಲ್ ಕಿತ್ತು ಅದರದ್ದೇ ಸಿ ಅಥವಾ ಡಿ ಡ್ರೈವ್ ತೆರೆದು ನೋಡುವುದು. ವೈಫೈ ಇದ್ದರೆ ಅದನ್ನೂ ಆಫ್ ಮಾಡಿ. ಫಾಸ್ಟ್ ಆಯಿತಾ, ಡಿಸ್ಕಿನ ಮಾತು ಬಿಟ್ಟುಬಿಡಿ. ಕೇಬಲ್ ವಾಪಸ್ ಹಾಕಿ, ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿಯಲ್ಲಿ 'ನೆಟ್ ಯೂಸ್' (net use) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಡ್ರೈವುಗಳ ಪಟ್ಟಿ ವಿಳಾಸದ ಸಮೇತ ಬರುತ್ತೆ. ಕಮಾಂಡ್ ಪ್ರಾಂಪ್ಟನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಅಂತ ಮಾತ್ರ ತೆರೆಯಬೇಡಿ. ಹಾಗೆ ತೆರೆದರೆ ನಿಮ್ಮ ಡ್ರೈವುಗಳು ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ. ನಾನು ಹಾಗೇ ತೆರೆದು, ಪಟ್ಟಿ ಖಾಲಿ ಇದೆ ಅಂತ ಅರ್ಧ ದಿನ ಬೇರೆ ಕಡೆ ಹುಡುಕಿದೆ. ಬೇಡದ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್‌ಕನೆಕ್ಟ್' ಕೊಟ್ಟರೆ ಹೋಯಿತು. ಬೇರೆ ಬೇರೆ ಲಾಗಿನ್ ಇದ್ದರೆ ಪ್ರತಿಯೊಂದರಲ್ಲೂ ಮಾಡಬೇಕು.

ಹಳೇ ವಿಳಾಸ ಇನ್ನೂ ಎಲ್ಲೆಲ್ಲೋ ಅಡಗಿರುತ್ತೆ. ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ ಫೋಲ್ಡರ್, ಡೆಸ್ಕ್‌ಟಾಪಿನ ಶಾರ್ಟ್‌ಕಟ್, ಹಳೇ ಕಂಪ್ಯೂಟರಿನ ಮೂಲಕ ಹಾಕಿದ್ದ ಪ್ರಿಂಟರ್. ನಮ್ಮಲ್ಲಿ ಒಂದು ಎಕ್ಸೆಲ್ ಫೈಲ್ ಹೋದ ವರ್ಷದ ಬಾಕಿಯನ್ನು ಝಡ್‌ನಿಂದಲೇ ಎಳೆದುಕೊಳ್ಳುತ್ತಿತ್ತು. ಅದು ಸಿಕ್ಕಿದ್ದು ಎರಡು ವಾರ ಆದ ಮೇಲೆ.

ಕೇಬಲ್ ಕಿತ್ತರೂ ಸ್ಲೋ ಇದ್ದರೆ ಆಗ ಡಿಸ್ಕ್ ನೋಡಿ, ಆದರೆ ಮೊದಲು ಫೈಲುಗಳ ಕಾಪಿ ತೆಗೆದಿಟ್ಟುಕೊಂಡು. ಸ್ಕ್ಯಾನ್ ತುಂಬಿರುವ ಒಂದೇ ಫೋಲ್ಡರ್ ಮಾತ್ರ ನಿಧಾನ ಅಂದರೆ ಅದರ ಪ್ರಾಪರ್ಟೀಸ್‌ನಲ್ಲಿ, 'ಕಸ್ಟಮೈಸ್' ಅಂತ ಇರುವ ಕಡೆ 'ಪಿಕ್ಚರ್ಸ್' ಬದಲು 'ಜನರಲ್ ಐಟಮ್ಸ್' ಮಾಡಿ. ಇಲಿ ಕಚ್ಚಿದ ವೈರನ್ನೂ ಒಮ್ಮೆ ನೋಡಿ, ಮಂಡಿಯಲ್ಲಿ ಇಲಿಗೇನು ಬರ. ಒಳಗಿನ ಎಂಟು ತಂತಿಯೂ ಸರಿ ಇದ್ದರೆ ಮಾತ್ರ ಗಿಗಾಬಿಟ್ (1000 ಎಂಬಿಪಿಎಸ್) ವೇಗದಲ್ಲಿ ಓಡುವುದು, ನಾಲ್ಕೇ ಉಳಿದರೆ ಹೆಚ್ಚೆಂದರೆ 100 ಎಂಬಿಪಿಎಸ್. ಹೊಸ ಸರ್ವರ್ ತಗೋಬೇಕಾ ಅಂತಲೂ ಕೇಳಿದ್ದೀರಿ. ಆರು ಜನ ಫೈಲ್ ತೆಗೆಯೋಕಾ? ಸುಮ್ನೆ ಇರಿ. ವಿಂಡೋಸ್ ಒಳಗಿನ ಸೆಟ್ಟಿಂಗ್ ಗುಡಿಸುತ್ತೆ ಅನ್ನುವ ರಿಜಿಸ್ಟ್ರಿ ಕ್ಲೀನರ್ ಹಾಕಿ ಅಂತ ಯಾರಾದರೂ ಹೇಳಿದರೆ ಅವರ ನಂಬರನ್ನು ಮೊಬೈಲಿನಿಂದ ಡಿಲೀಟ್ ಮಾಡಿ.

ಝಡ್ ತೆಗೆದುಹಾಕಿದ ದಿನ ನಾಲ್ಕೂ ಕಂಪ್ಯೂಟರ್ ಒಟ್ಟಿಗೆ ಸರಿ ಹೋದವು. ಒಂದು ರೂಪಾಯಿ ಖರ್ಚಿಲ್ಲದೆ ಆಯಿತು ಅಂತ ಯಜಮಾನರಿಗೆ ನಾನು ಇನ್ನೂ ಹೇಳಿಲ್ಲ. ಹೊಸ ಎತ್ತು ಪಳಗೋಕೆ ಒಂದೆರಡು ತಿಂಗಳು ಬೇಕಲ್ವಾ, ಎಸ್‌ಎಸ್‌ಡಿನೂ ಹಾಗೇ ಅಂತ ಅವರು ಬಂದವರಿಗೆಲ್ಲಾ ಹೇಳುತ್ತಿರುತ್ತಾರೆ. ನಾನು ಹೌದು ಅಂತ ತಲೆ ಆಡಿಸುತ್ತೇನೆ.