ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ಎಐ ಬಳಸಿದ ಆರೋಪ ಬಂದಿದೆ, ಯಾರನ್ನು ಕೇಳಬೇಕು?

ಎಂಎಸ್‌ಸಿ ಅಸೈನ್‌ಮೆಂಟ್ ಎಐನಿಂದ ಬರೆಸಿದ್ದೀರಿ ಅಂತ ಮೇಲ್ ಬಂದಿದೆ, ಮುಂದಿನ ವಾರ ಪ್ಯಾನೆಲ್ ಮುಂದೆ ಕೂರಬೇಕು, ನನ್ನ ಕಡೆಯವರು ಅಂತ ಯಾರಾದರೂ ಇರ್ತಾರಾ ಅಂತ ಕೇಳಿದ್ದೀರಿ. ಇರುತ್ತಾರೆ. ಆದರೆ ಆ ಮೇಲ್‌ಗೆ ಇನ್ನೂ ಉತ್ತರ ಬರೆದಿಲ್ಲ ತಾನೇ? ಬರೆದಿಲ್ಲ ಅಂದರೆ ಇವತ್ತು ಬರೆಯಬೇಡಿ.

ನಮ್ಮೂರ ಕಾಲೇಜುಗಳಲ್ಲಿ ಏನಾದರೂ ಎಡವಟ್ಟಾದರೆ ಎಚ್‌ಒಡಿ ಹತ್ತಿರ ಹೋಗಿ "ತಪ್ಪಾಯ್ತು ಸರ್" ಅಂತ ಒಂದು ಲೆಟರ್ ಬರೆದುಕೊಡುತ್ತೇವೆ. ತಪ್ಪು ಮಾಡದಿದ್ದರೂ ಕೊಡುತ್ತೇವೆ, ದೊಡ್ಡವರ ಜೊತೆ ವಾದ ಯಾಕೆ ಅಂತ. ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ನಾನು ಕೋರ್ಸ್ ರೆಪ್ ಆಗಿದ್ದಾಗ ಒಬ್ಬ ಹುಡುಗನ ಜೊತೆ ಇಂಥ ಮೀಟಿಂಗ್‌ಗೆ ಹೋಗಿ ಕೂತಿದ್ದೆ. ಅವನು ಮರ್ಯಾದೆಗೆ ಅಂತ ಬರೆದಿದ್ದ "ಐ ಆಮ್ ವೆರಿ ಸಾರಿ ಫಾರ್ ದಿಸ್" ಅನ್ನೋ ಸಾಲಿಗೆ ಹಳದಿ ಹೈಲೈಟರ್ ಬಿದ್ದಿತ್ತು. ಮೊದಲ ಪ್ರಶ್ನೆಯೇ ಅದರ ಮೇಲೆ: "ಹಾಗಾದರೆ ಒಪ್ಪಿಕೊಳ್ತೀರಾ?" ಪಾಪ, ಅರ್ಧ ಗಂಟೆ ಅದನ್ನು ಬಿಡಿಸಿ ಹೇಳೋದರಲ್ಲೇ ಹೋಯಿತು.

ಹಾಗಾಗಿ ಮೊದಲು ಹೋಗಬೇಕಾದ್ದು ಸ್ಟೂಡೆಂಟ್ಸ್ ಯೂನಿಯನ್‌ನ ಅಡ್ವೈಸ್ ಸರ್ವಿಸ್‌ಗೆ. ಯೂನಿಯನ್ ಅಂದರೆ ಬಾರ್, ಡಾನ್ಸ್ ಸೊಸೈಟಿ ಅಷ್ಟೇ ಅಂದುಕೊಂಡು ನಮ್ಮವರು ಆ ಕಡೆ ತಲೆ ಹಾಕಲ್ಲ. ಅಲ್ಲಿನ ಅಡ್ವೈಸರ್‌ಗಳು ಸಂಬಳಕ್ಕೆ ಇದೇ ಕೆಲಸ ಮಾಡುವವರು. ಫೀಸ್ ಇಲ್ಲ, ನೀವು ಹೇಳಿದ್ದು ಡಿಪಾರ್ಟ್‌ಮೆಂಟ್‌ಗೆ ಹೋಗಲ್ಲ. ನಿಮ್ಮ ಸ್ಟೇಟ್‌ಮೆಂಟ್ ಓದಿ ತಿದ್ದಿಸುತ್ತಾರೆ, ಸಾಮಾನ್ಯವಾಗಿ ಪ್ಯಾನೆಲ್‌ಗೂ ಜೊತೆಗೆ ಬರುತ್ತಾರೆ. ಲಾಯರ್‌ನ ಕರೆದುಕೊಂಡು ಹೋಗಲು ಹೆಚ್ಚಿನ ಕಡೆ ಬಿಡಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ.

ಆರೋಪ ಸಾಬೀತು ಮಾಡಬೇಕಾದ್ದು ಯೂನಿವರ್ಸಿಟಿ, ನೀವಲ್ಲ. ಎಐ ಸ್ಕೋರ್ (ಎಷ್ಟು ಭಾಗ ಎಐ ಬರೆದಿರಬಹುದು ಅನ್ನೋ ಸಾಫ್ಟ್‌ವೇರ್‌ನ ಅಂದಾಜು) ಒಂದನ್ನೇ ನೋಡಿ ಕ್ರಮ ತಗೋಬೇಡಿ ಅಂತ ಆ ಸಾಫ್ಟ್‌ವೇರ್ ಮಾಡುವ ಟರ್ನಿಟಿನ್ ಕಂಪನಿಯೇ ಹೇಳುತ್ತದೆ. ಆದರೂ ಕೈಯಲ್ಲಿ ಏನಾದರೂ ಇದ್ದರೆ ಧೈರ್ಯ. ಗೂಗಲ್ ಡಾಕ್ಸ್ ಅಥವಾ ವರ್ಡ್‌ನ ವರ್ಷನ್ ಹಿಸ್ಟರಿ, ಹಳೇ ಡ್ರಾಫ್ಟ್, ನೋಟ್ಸ್, ಗೀಚಿದ ಹಾಳೆ ಇದ್ದರೂ ಸರಿ, ಎಲ್ಲ ಎತ್ತಿಡಿ. ಆ ಹುಡುಗ ಉಳಿದುಕೊಂಡದ್ದೂ ಹೀಗೇ. ಲ್ಯಾಪ್‌ಟಾಪ್ ತೆರೆದು ಒಂದು ಪ್ಯಾರಾ ಮೂರು ರಾತ್ರಿಗಳಲ್ಲಿ ಹೇಗೆ ಬೆಳೆಯಿತು ಅಂತ ತೋರಿಸಿದ. ನಿಜವಾಗಿಯೂ ಎಐ ಬಳಸಿದ್ದರೆ ಸುಳ್ಳು ಹೇಳಬೇಡಿ. ಯಾವ ಭಾಗಕ್ಕೆ, ಎಷ್ಟು ಬಳಸಿದಿರಿ ಅಂತ ಅಡ್ವೈಸರ್‌ಗೆ ಬಿಚ್ಚಿ ಹೇಳಿ. ವ್ಯಾಕರಣ ತಿದ್ದಿಸಿದ್ದಕ್ಕೂ ಇಡೀ ಪ್ರಬಂಧ ಬರೆಸಿದ್ದಕ್ಕೂ ಶಿಕ್ಷೆ ಒಂದೇ ಇರಲ್ಲ, ಅಲ್ವಾ?

ವೀಸಾ ವಿಷಯಕ್ಕೆ ಯೂನಿವರ್ಸಿಟಿಯಲ್ಲೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಅಡ್ವೈಸರ್ ಇರುತ್ತಾರೆ. ಆರೋಪ ಬಂದ ಮಾತ್ರಕ್ಕೆ ವೀಸಾ ಹೋಗಲ್ಲ. ಆದರೆ ಕೋರ್ಸ್‌ನಿಂದ ತೆಗೆದುಹಾಕಿದರೆ ಯೂನಿವರ್ಸಿಟಿ ಅದನ್ನು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸ್‌ಗೆ ತಿಳಿಸಲೇಬೇಕು. ನಿಮ್ಮ ವೀಸಾ ಮುಗಿಯುವ ತಾರೀಕು ಹತ್ತಿರದಲ್ಲಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ಓದು ಮುಗಿಸಿದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾಗೆ ಕೋರ್ಸ್ ಮುಗಿದಿರಲೇಬೇಕು. ವಾಟ್ಸಾಪ್ ಗ್ರೂಪಿನ ಪಂಡಿತರ ಮಾತು ಇದರಲ್ಲಂತೂ ಬೇಡ.

ತೀರ್ಪು ವಿರುದ್ಧ ಬಂದರೆ ಒಳಗೇ ಅಪೀಲ್ ಇದೆ. ಅದೂ ಮುಗಿದ ಮೇಲೆ "ಕಂಪ್ಲೀಷನ್ ಆಫ್ ಪ್ರೊಸೀಜರ್ಸ್" ಲೆಟರ್ ಕೊಡುತ್ತಾರೆ. ಅದರ ತಾರೀಕಿನಿಂದ 12 ತಿಂಗಳೊಳಗೆ ಒಐಎಗೆ ದೂರು ಕೊಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿದ್ಯಾರ್ಥಿಗಳ ದೂರು ನೋಡುವ ಸ್ವತಂತ್ರ ಸಂಸ್ಥೆ ಅದು, ಅದಕ್ಕೂ ದುಡ್ಡಿಲ್ಲ. ಮಾರ್ಕ್ಸ್ ಸರಿಯೋ ತಪ್ಪೋ ಅಂತ ಅವರು ನೋಡಲ್ಲ, ವಿಚಾರಣೆ ನ್ಯಾಯವಾಗಿ ನಡೆಯಿತಾ ಅಂತ ನೋಡುತ್ತಾರೆ.

ರಾತ್ರಿ ನಿದ್ದೆ ಬಾರದೆ ಒದ್ದಾಡುತ್ತಿದ್ದರೆ ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವ ಸಹಾಯವಾಣಿ ಸಮರಿಟನ್ಸ್‌ನ 116 123ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಫ್ರೀ. ಬೆಳಿಗ್ಗೆ ಯೂನಿಯನ್‌ಗೆ ಮೇಲ್ ಹಾಕಿ. ಪ್ಯಾನೆಲ್‌ಗಿಂತ ಮೊದಲು ಅವರ ಅಪಾಯಿಂಟ್‌ಮೆಂಟ್ ಸಿಗದಿದ್ದರೆ, ಅದೇ ಕಾರಣ ಕೊಟ್ಟು ಮೀಟಿಂಗ್ ಮುಂದೂಡಿ ಅಂತ ಬರೆದು ಕೇಳಿ.